ಗುಡ್ಡದ ಜೇನಿನ ಶಿಖರ

ಆ ಕಟ್ಟಡದ ಎರಡನೇ ಮಹಡಿಯವರಿಗೆಲ್ಲ ಅವಳು ಡಾಕ್ಟರಮ್ಮ. ಮಂಡಿನೋವಾಗಲಿ, ಮಗುವಿನ ಕೆಮ್ಮಾಗಲಿ, ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ತಾನು ಆ ಡಾಕ್ಟರ್ ಅಲ್ಲ, ರಸಾಯನಶಾಸ್ತ್ರದ ಡಾಕ್ಟರ್ ಎಂದು ಹೇಳಿ ಹೇಳಿ ಸಾಕಾಗಿ, ಈಗೀಗ ಬಿಸಿನೀರು ಕುಡಿಯಿರಿ ಎಂದು ಕಳಿಸಿಬಿಡುತ್ತಿದ್ದಳು. ಅಷ್ಟಕ್ಕೇ ಗುಣವಾದವರೂ ಇದ್ದರಂತೆ.

ಪಿಎಚ್‌ಡಿ ಮುಗಿದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವಳು ಪೋಸ್ಟ್‌ಡಾಕ್. ಅಂದರೆ ಓದು ಮುಗಿದಿದೆ, ಕಾಯಂ ಕೆಲಸ ಸಿಕ್ಕಿಲ್ಲ, ನಡುವೆ ತ್ರಿಶಂಕು. ವರ್ಷಕ್ಕೊಂದು ಕರಾರು, ಅದು ಮುಗಿಯುವ ತಿಂಗಳು ಬಂತೆಂದರೆ ಅವಳಿಗೂ ಅವಳ ಅಮ್ಮನಿಗೂ ಊಟ ಸೇರುತ್ತಿರಲಿಲ್ಲ. ಕಾಯಂ ಹುದ್ದೆಗೆ ನಲವತ್ತೆರಡರ ಒಳಗೇ ಅರ್ಜಿ ಹಾಕಬೇಕೆಂಬ ನಿಯಮ. ಆ ನಿಯಮ ಮಾಡಿದ ಪುಣ್ಯಾತ್ಮನಿಗೆ ಯಾವ ವಯಸ್ಸಿಗೆ ಬುದ್ಧಿ ಬಂದಿತ್ತೋ ಗೊತ್ತಿಲ್ಲ. ಅವಳಿಗೆ ನಲವತ್ತೆರಡು ತುಂಬಲು ಮೂರೇ ತಿಂಗಳಿತ್ತು. ಹಾಗಾಗಿ ಬರುವ ಗುರುವಾರದ ಸಂದರ್ಶನವೇ ಅವಳ ಪಾಲಿಗೆ ಕಡೆಯದು.

ಅವಳ ಕೆಲಸ ಎನ್‌ಎಂಆರ್ ಯಂತ್ರದ ಜೊತೆ. ಆಳೆತ್ತರದ ಆಯಸ್ಕಾಂತ, ಅದರ ಹೊಟ್ಟೆಯೊಳಗೆ ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ಕೊಳವೆ ಇಳಿಸಿದರೆ, ಕೊಳವೆಯಲ್ಲಿ ಏನೇನಿದೆಯೋ ಅದೆಲ್ಲ ಪರದೆಯ ಮೇಲೆ ಶಿಖರಗಳಾಗಿ ಮೂಡುತ್ತದೆ. ಒಂದೇ ಪದಾರ್ಥವಾದರೆ ಓದುವುದು ಸುಲಭ. ಜೇನಿನಂಥ ಮಿಶ್ರಣವಾದರೆ ಮನೆ ತುಂಬ ನೆಂಟರು ಒಟ್ಟಿಗೇ ಮಾತಾಡಿದ ಹಾಗೆ, ಯಾರು ಏನಂದರೆಂದು ತಿಳಿಯುವುದಿಲ್ಲ. ಅದಕ್ಕೆ ಅವಳು ಒಂದು ಉಪಾಯ ಪಳಗಿಸಿಕೊಂಡಿದ್ದಳು. ದ್ರವದಲ್ಲಿ ಸಣ್ಣ ಅಣುಗಳು ಚುರುಕಾಗಿ ಓಡಾಡುತ್ತವೆ, ದೊಡ್ಡವು ನಿಧಾನ. ಒಂದೊಂದು ಶಿಖರದ ಓಟವನ್ನೂ ಅಳೆದು, ಒಂದೇ ವೇಗದವನ್ನು ಒಂದು ಗುಂಪಿಗೆ ಸೇರಿಸುತ್ತಿದ್ದಳು. ಜೇನನ್ನು ಸೋಸದೆ, ಕಾಯಿಸದೆ, ಇದ್ದ ಹಾಗೆಯೇ ಬಿಡಿಸಿ ನೋಡುವ ವಿದ್ಯೆ ಇದು. ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಅವಳ ಸಂಸ್ಥೆಯಲ್ಲಿ ಯಾರೂ ಇರಲಿಲ್ಲ, ಇದನ್ನು ಮಾತ್ರ ಮುಲಾಜಿಲ್ಲದೆ ಹೇಳಬಹುದು.

ಹೀಗೆ ಬಿಡಿಸುವಾಗಲೇ ಗುಡ್ಡದ ಜೇನಿನಲ್ಲಿ ಆ ಪುಟ್ಟ ಶಿಖರ ಸಿಕ್ಕಿದ್ದು. ಸಕ್ಕರೆಗಳ ಗದ್ದಲದಿಂದ ದೂರ, ಪರದೆಯ ಬಲತುದಿಯಲ್ಲಿ ತನ್ನ ಪಾಡಿಗೆ ತಾನು ನಿಂತಿತ್ತು. ಅದರ ವೇಗ ಬೇರೆ ಯಾವುದರ ಜೊತೆಗೂ ಕೂಡುತ್ತಿರಲಿಲ್ಲ. ಬಯಲಿನ ಜೇನಿನಲ್ಲಿ ಅದರ ಸುಳಿವೇ ಇರಲಿಲ್ಲ. ಪ್ರಯೋಗಾಲಯ ನಡೆಸುತ್ತಿದ್ದ ಅವಳ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಜೇನು ಕೊಂಡು ಮಾರುವ ಸಂಘದವರು ಎರಡು ಸಲ ಬಂದು ಹೋದರು: ಈ ಶಿಖರ ಇದ್ದರೆ ಅಸಲಿ ಗುಡ್ಡದ ಜೇನು, ಇಲ್ಲದಿದ್ದರೆ ಕಲಬೆರಕೆ ಎಂದು ಪರೀಕ್ಷೆ ಇಡಬಹುದಲ್ಲವೇ ಎಂದು. ಸಂದರ್ಶನದ ಅರ್ಜಿಯನ್ನು ಅವಳು ಬರೆದದ್ದೇ ಆ ಶಿಖರದ ಮೇಲೆ.

ಮಂಗಳವಾರ ಮಧ್ಯಾಹ್ನ, ತೋರಿಸಬೇಕಾದ ಚಿತ್ರಗಳನ್ನು ಜೋಡಿಸುತ್ತ, ಊರಿನ ಪ್ರಕಾರ ಇದ್ದ ಜೇನುಗಳ ಪಟ್ಟಿಯನ್ನು ಸುಮ್ಮನೆ ಅಳೆದ ತಾರೀಖಿನ ಪ್ರಕಾರ ಮಾಡಿ ನೋಡಿದಳು. ಶಿಖರ ಒಂದು ತಾರೀಖಿನವರೆಗೆ ಇತ್ತು, ಆಮೇಲೆ ಇರಲಿಲ್ಲ. ತಡವಾಗಿ ಬಂದ ಎರಡು ಗುಡ್ಡದ ಜೇನಿನಲ್ಲೂ ಇರಲಿಲ್ಲ. ಅವೆರಡು ಕೆಟ್ಟಿರಬೇಕೆಂದು ಅವಳೇ ಪಕ್ಕಕ್ಕೆ ಸರಿಸಿದ್ದಳು. ಆ ತಾರೀಖಿನಂದು ಏನಾಯಿತೆಂದು ನೋಟ್‌ಬುಕ್ ತೆರೆದರೆ ಅವಳದೇ ಅಕ್ಷರ: ಹೊಸ ಕೊಳವೆಗಳ ಡಬ್ಬಿ ತೆರೆದದ್ದು.

ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ಗುಡ್ಡದ ಜೇನು ಮೊದಲು ಬಂದಿತ್ತು. ಅದನ್ನೆಲ್ಲ ಸೋಪಿನ ನೀರಲ್ಲಿ ತೊಳೆದ ಹಳೇ ಕೊಳವೆಗಳಲ್ಲಿ ಅಳೆದಿದ್ದಳು. ಬಯಲಿನದು ಹೊಸ ಕೊಳವೆಗಳಲ್ಲಿ. ಜೇನು ಬೆರೆಸದೆ, ಅದನ್ನು ಕರಗಿಸುವ ಬರೀ ದ್ರಾವಕವನ್ನೂ ತಪ್ಪದೆ ಅಳೆದು ನೋಡಿದ್ದಳು, ಆದರೆ ಚೊಕ್ಕವಾಗಿರಲಿ ಎಂದು ಅದಕ್ಕೆಂದೇ ಮೊದಲಿನಿಂದಲೂ ಒಂದು ಹೊಸ ಕೊಳವೆಯನ್ನು ಬೇರೆ ಎತ್ತಿಟ್ಟಿದ್ದಳು. ಅತಿ ಮಡಿಯೇ ಮುಳುವಾಗಿತ್ತು. ತೊಳೆದ ಕೊಳವೆಯೊಂದಕ್ಕೆ ಬರೀ ದ್ರಾವಕ ತುಂಬಿ ಯಂತ್ರಕ್ಕೆ ಇಳಿಸಿದಳು. ನಲವತ್ತು ನಿಮಿಷದ ಮೇಲೆ ಶಿಖರ ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಬಂದು ನಿಂತಿತು. ಅವಳ ವಿದ್ಯೆ ಕಿಂಚಿತ್ತೂ ತಪ್ಪಿರಲಿಲ್ಲ. ಸೋಪನ್ನು ಜೇನಿನಿಂದ ಅಚ್ಚುಕಟ್ಟಾಗಿ ಬೇರ್ಪಡಿಸಿ ತೋರಿಸಿತ್ತು.

ಮೇಷ್ಟ್ರಿಗೆ ಹೇಳಿದಳು. ಅವರು ಕೆಟ್ಟವರಲ್ಲ, ಅವಳ ಕರಾರಿಗಾಗಿ ಕಂಡಕಂಡವರ ಕೈಕಾಲು ಹಿಡಿದವರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಗುರುವಾರ ಒಂದು ಕಳೀಲಮ್ಮ. ಸುಳ್ಳು ಹೇಳು ಅಂತಿಲ್ಲ ನಾನು. ಆ ಚಿತ್ರ ಬಂದಾಗ ಬೇಗ ಮುಂದಕ್ಕೆ ಹೋಗು, ಅಷ್ಟೆ. ಕೆಲಸ ಕೈಗೆ ಬಂದ್ಮೇಲೆ ತಿದ್ದಿಕೊಳ್ಳೋಣ."

"ಅಷ್ಟರೊಳಗೆ ಸಂಘದವರು ಪರೀಕ್ಷೆ ಶುರು ಮಾಡ್ಬಿಟ್ರೆ ಸರ್?"

"ನಿಂಗೆ ಇದೇ ಕೊನೇ ಸಲ. ಅದು ನೆನಪಿರಲಿ."

ಅದು ನೆನಪಿತ್ತು. ಬುಧವಾರವಿಡೀ ಬೇರೇನೂ ನೆನಪಿರಲಿಲ್ಲ. ಆ ಚಿತ್ರವನ್ನು ಒಮ್ಮೆ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಗುರುವಾರ ಐದು ಜನರ ಮುಂದೆ ನಿಂತು ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿದಳು: ಗುಡ್ಡದ ಜೇನು, ಮತ್ತು ತೊಳೆದ ಕೊಳವೆಯಲ್ಲಿನ ಬರೀ ದ್ರಾವಕ. "ನನ್ನ ಅರ್ಜಿಯಲ್ಲಿರೋ ಹೊಸ ಪದಾರ್ಥ ಸೋಪು. ತಪ್ಪು ನನ್ನದೇ" ಎಂದಳು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಮೆಲ್ಲಗೆ, "ಹಾಗಾದ್ರೆ ಅರ್ಜಿಯಲ್ಲಿ ಇನ್ನೇನು ಉಳೀತು?" ಎಂದು ಕೇಳಿದರು. ವಿಧಾನ ಉಳಿಯಿತು ಎಂದಳು. ಅವರು ಬರೆದುಕೊಂಡರು. ಸಂಜೆ ಐದಕ್ಕೆ ಹುದ್ದೆ ಬೇರೆಯವರಿಗೆ ಹೋಯಿತೆಂಬ ಸುದ್ದಿ ಬಂತು.

ಅಮ್ಮ ಅಡುಗೆಮನೆಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಸುಮ್ನಿದ್ದಿದ್ರೆ ಸಿಗ್ತಿತ್ತಾ?"

"ಸಿಗ್ತಿತ್ತು ಅನ್ಸುತ್ತಮ್ಮ."

"ಯಾರಿಗೂ ಗೊತ್ತಾಗ್ತಿರ್ಲಿಲ್ವಾ?"

"ತುಂಬಾ ದಿನ ಗೊತ್ತಾಗ್ತಿರ್ಲಿಲ್ಲ. ಯಾರೋ ಪಾಪ ಗುಡ್ಡದಿಂದ ಅಸಲಿ ಜೇನು ತಂದು ಕೊಟ್ಟಿರೋರು. ಕೊಳವೆ ಚೊಕ್ಕವಾಗಿದ್ರೆ, ನನ್ನ ಪರೀಕ್ಷೆ ಅವರನ್ನ ಕಳ್ಳರು ಅಂದಿರೋದು."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸಿದರು. ಆಮೇಲೆ, "ನೀನು ಮಾಡಿದ್ದು ಸರಿ ಕಣೇ. ಸರಿ ಅಂತ ನಂಗೆ ಗೊತ್ತು. ಆದ್ರೆ ನಂಗೆ ಒಂಚೂರೂ ಸಮಾಧಾನ ಆಗ್ತಿಲ್ಲ" ಎಂದರು.

"ನಂಗೂ ಆಗ್ತಿಲ್ಲಮ್ಮ" ಎಂದು ಅವಳು ಅಮ್ಮನ ಪಕ್ಕದಲ್ಲಿ ಕೂತಳು. ಇಬ್ಬರೂ ಮನಸಾರೆ ಅತ್ತರು.