ದಾಸೊಲ್ ಕೇಳಿದ ಸಾಲು

ಕೊರಿಯಾದ ಗೊಹುಂಗ್ ಊರಿನ ಬಂದರು ಬೀದಿಯಲ್ಲಿ, ಬಲೆ ಮಾರುವ ಅಂಗಡಿಯ ಮಹಡಿಯ ಮೇಲೆ, ಮೇಂಗ್ ಜಂಗಾ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದಳು. ಪಾಠ ಎಲ್ಲಿ ಬಂತು, ಬರೀ ಬಾಯಿಪಾಠ! ಕಾಲೇಜು ಪ್ರವೇಶ ಪರೀಕ್ಷೆಯ ಗದ್ಯಭಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರ ಗೊತ್ತುಪಡಿಸಿದ ಅಭ್ಯಾಸ ಪುಸ್ತಕದಿಂದಲೇ ಬರುತ್ತಿದ್ದವು. ಪುಸ್ತಕದ ಕೊನೆಯಲ್ಲಿ ಅವುಗಳ ಕೊರಿಯನ್ ಅನುವಾದವೂ ಇರುತ್ತಿತ್ತು. ಜಂಗಾ ಆ ಅನುವಾದವನ್ನೇ ಹಾಳೆ ಹಾಳೆಯಾಗಿ ಹಂಚಿ ಉರು ಹೊಡೆಸುತ್ತಿದ್ದಳು. ಪರೀಕ್ಷೆಯಲ್ಲಿ ಮೊದಲ ಎರಡು ಪದ ಕಣ್ಣಿಗೆ ಬಿದ್ದರೆ ಸಾಕು, ಕಥೆಯೆಲ್ಲ ಕೊರಿಯನ್ನಿನಲ್ಲೇ ನೆನಪಾಗುತ್ತಿತ್ತು. ಮಕ್ಕಳಿಗೆ ಇಂಗ್ಲಿಷ್ ಓದುವ ಗೋಜೇ ಇರಲಿಲ್ಲ. ಅವಳಿಗೂ ಇರಲಿಲ್ಲ ಅನ್ನಿ.

ಹುಡುಗಿಯಾಗಿದ್ದಾಗ ಒಂದೊಂದು ಸಾಲಿಗೂ ನಿಘಂಟು ಹಿಡಿದು ಗುದ್ದಾಡಿದವಳೇ. ಆ ಹುಚ್ಚು ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಪದ್ಧತಿ ಬದಲಾಯಿತು. ಪುಸ್ತಕದ ಗದ್ಯವನ್ನು ಇದ್ದ ಹಾಗೆ ಕೊಡುವುದಿಲ್ಲ ಎಂದರು ಪರೀಕ್ಷೆ ನಡೆಸುವವರು. ಜಂಗಾ ಮಾತ್ರ ಅದೇ ಹಾಳೆ ಹಂಚಿದಳು. ಪಾಪ, ಬೇರೆ ಏನು ಮಾಡಿಯಾಳು?

ಆ ವರ್ಷ ಪಾಠಕ್ಕೆ ಬಂದವರಲ್ಲಿ ಒಬ್ಬಳು ದಾಸೊಲ್. ತಾಯಿ ಕಡಲ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಕೂಲಿ. ನರ್ಸಿಂಗ್ ಕಾಲೇಜಿನವರು ಸೀಟು ಕೊಡಲು ಒಪ್ಪಿದ್ದರು, ಇಂಗ್ಲಿಷಿನಲ್ಲಿ ಎಪ್ಪತ್ತು ಬಂದರೆ.

"ಟೀಚರ್, ಪುಸ್ತಕದಲ್ಲಿ ಇಲ್ಲದ್ದು ಬಂದ್ರೆ?"

"ಬಂದ್ರೂ ಇದರ ಥರಾನೇ ಇರುತ್ತೆ ಕಣೇ. ಸುಮ್ನೆ ಉರು ಹೊಡಿ."

ಪರೀಕ್ಷೆಯ ಹಿಂದಿನ ದಿನ ತಾಯಿಯೇ ಬಂದು ಅಂಟು ಮಿಠಾಯಿಯ ಪೊಟ್ಟಣ ಮೇಜಿನ ಮೇಲಿಟ್ಟಳು. "ತಿಂದ್ರೆ ಸೀಟು ಅಂಟ್ಕೊಳುತ್ತಂತಲ್ಲ, ನೀವೂ ಒಂದು ಬಾಯಿಗೆ ಹಾಕ್ಕೊಳ್ಳಿ ಟೀಚರ್. ನನ್ನ ಮಗಳು ಈ ಸಿಂಪಿ ನೀರಿಗೆ ಕೈ ಹಾಕಬಾರ್ದು." ಜಂಗಾ ಎರಡು ತಿಂದಳು.

ಪರೀಕ್ಷೆಯ ಮರುದಿನ ದಾಸೊಲ್ ಪ್ರಶ್ನೆಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದಳು. ಬಿಡುಗಡೆಯಾದ ಉತ್ತರಗಳ ಜೊತೆ ತಾಳೆ ನೋಡಿದ್ದಳು: ಅರವತ್ತೆಂಟು. ಅಡಿಗೆರೆ ಎಳೆದು, ಸರಿಯಾದ ಅರ್ಥ ಆರಿಸಿ ಎಂದಿದ್ದ ಒಂದೇ ಒಂದು ಸಾಲು ಮೂರು ಅಂಕ ನುಂಗಿತ್ತು.

"ನಾನು ದಾರಿ ತಪ್ಪಿದ ಪ್ರವಾಸಿ ಅಂತ ಹಾಕ್ದೆ. ಸರಿ ಉತ್ತರ ನಾಲ್ಕನೇದಂತೆ. ಅದಿರ್ಲಿ ಟೀಚರ್, ಈ ಸಾಲಿನ ಅರ್ಥ ಏನು?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದುದು ಉತ್ತರದ ಸಂಖ್ಯೆ. ಜಂಗಾ ಓದಿದಳು. ನಕ್ಷೆಯನ್ನು ಮಡಚಿಟ್ಟವನಿಗೆ ಮಾತ್ರ ಊರು ತನ್ನನ್ನು ತೋರಿಸಿಕೊಳ್ಳುತ್ತದೆ. ಪ್ರತಿ ಪದವೂ ಗೊತ್ತು. ಮತ್ತೆ ಓದಿದಳು. ಊರು ಹೇಗೆ ತೋರಿಸಿಕೊಳ್ಳುತ್ತದೆ? ನಕ್ಷೆಯನ್ನು ಯಾಕೆ ಮಡಚಬೇಕು?

"ನಂಗೂ ಗೊತ್ತಾಗ್ತಿಲ್ಲ ಕಣೇ."

ಹುಡುಗಿ ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು. "ಪರ್ವಾಗಿಲ್ಲ ಬಿಡಿ ಟೀಚರ್. ಸೋಮವಾರದಿಂದ ಅಮ್ಮನ ಜೊತೆ ಶೆಡ್ಡಿಗೆ ಹೋಗ್ತೀನಿ," ಎಂದು ಇಳಿದು ಹೋದಳು.

ಜಂಗಾ ಹಳೆಯ ನಿಘಂಟು ತೆಗೆದು ನಕ್ಷೆಯ ಇಂಗ್ಲಿಷ್ ಪದ ಹುಡುಕಿದಳು. ಎದುರಿಗೆ ನಕ್ಷೆ ಎಂದಷ್ಟೇ ಬರೆದಿತ್ತು. ಅಷ್ಟರಲ್ಲಿ ಮುಂದಿನ ವರ್ಷ ಪರೀಕ್ಷೆ ಬರೆಯುವ ಮಕ್ಕಳು ಮೆಟ್ಟಿಲು ಹತ್ತಿ ಬಂದರು. ಅವಳು ನಿಘಂಟು ಮುಚ್ಚಿ, ಎದ್ದು, ಅದೇ ಅನುವಾದದ ಹಾಳೆಗಳನ್ನು ಹಂಚಿದಳು.