ಕತ್ತಲಿಗೆ ವಾಚ್ ಆರಿಸಿಕೊಡುವ ಅಕ್ಕ

ಬೆಳಗಿನ ಐದೂಕಾಲು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನರಪಿಳ್ಳೆಯೂ ಇಲ್ಲ, ಒಂದು ಅಂಗಡಿಯ ಷಟರ್ ಮಾತ್ರ ಅರ್ಧಕ್ಕೆ ಎದ್ದಿದೆ. ಒಳಗೆ ಮೆಟ್ಟಿಲ ಕೆಳಗೆ ಒಬ್ಬರು ಮುದುರಿ ಕೂರುವಷ್ಟು ಜಾಗದ ಒಂದು ಗೂಡು, ಅದಕ್ಕೊಂದು ಬಾಗಿಲು. ಬಾಗಿಲ ಆಚೆ ಕಾಡು ಕಾಯುವ ಗಾರ್ಡ್ ಒಬ್ಬರು ಕತ್ತಲಲ್ಲಿ ಕೂತಿದ್ದಾರೆ. ಈಚೆ, ಟೀ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತಿರುವಾಕೆ ಅವರಿಗೆ ಕಾವಲು.

"ಅಕ್ಕಾ, ರಾತ್ರಿಯೆಲ್ಲ ಕಾಡು ಸುತ್ತಿ ಬಂದಿದೀನಿ. ಇಲ್ಲೇ ನಿದ್ದೆ ಬಂದ್ಬಿಡುತ್ತೆ."

"ಬರಲಿ ಬಿಡಿ. ಎದ್ದ ತಕ್ಷಣ ಗಂಟೆ ಎಷ್ಟು ಅಂತ ಸರಿಯಾಗಿ ಹೇಳಿದ್ರೆ ವಾಚ್ ಪಾಸು. ಟಾರ್ಚ್ ಮಾತ್ರ ಹಾಕ್ಬೇಡಿ, ಹಾಕಿದ್ರೆ ಮೊದಲಿಂದ ಶುರು."

ಇವರೇ ವಾಚಕ್ಕ. ಐವತ್ತನಾಲ್ಕು ವರ್ಷ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಬೆರಳ ತುದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಎಣ್ಣೆಕಪ್ಪು. ರಾತ್ರಿ ಹೊರಗೆ ದುಡಿಯುವವರಿಗೆ ವಾಚ್ ಆರಿಸಿಕೊಡುವುದು, ಅದು ಕೆಡದಂತೆ ನೋಡಿಕೊಳ್ಳುವುದು ಇವರ ಕೆಲಸ. ಕಾಡಿನ ಗಾರ್ಡುಗಳು, ರೈಲುಹಳಿ ನೋಡುತ್ತಾ ನಡೆಯುವವರು, ಗೂಬೆ ಎಣಿಸುವ ಸಂಶೋಧಕರು, ಕಳೆದುಹೋದವರನ್ನು ಹುಡುಕುವ ತಂಡದವರು. ಇವರೆಲ್ಲರ ಪಾಳಿ ಮುಗಿಯುವುದು ನಸುಕಿಗೆ, ಹಾಗಾಗಿ ಅಂಗಡಿ ತೆರೆಯುವುದೂ ನಸುಕಿಗೆ. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ಒಂದು ವಾಚಿನ ವಿಷಯದಲ್ಲಿ ಇವರು ಹೇಳಿದ ಒಂದು ಸುಳ್ಳಿನಿಂದ ಒಡಹುಟ್ಟಿದ ತಮ್ಮನ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು. ನಾನು ಮೊದಲ ಸಲ ಈ ಅಂಗಡಿಗೆ ಬಂದ ದಿನದವರೆಗೂ ಆ ತಮ್ಮನಿಗೆ ಅದು ಗೊತ್ತಿರಲಿಲ್ಲ.

ನಾನು ಬಂದದ್ದು ಅದಕ್ಕಲ್ಲ. ಚಾರಣದ ಕಾಲ ಶುರುವಾಗುತ್ತಿದೆ, ರಾತ್ರಿ ಹೊತ್ತು ಹೊರಗೆ ತಿರುಗುವವರು ಗಟ್ಟಿಮುಟ್ಟಾದ ವಾಚ್ ಆರಿಸುವುದು ಹೇಗೆ ಅಂತ ನಾಲ್ಕು ಹಗುರ ಮಾತು ಬರೆದು ಕೊಡಿ ಎಂದಿದ್ದರು ಸಂಪಾದಕರು. ಗೂಬೆ ಎಣಿಸುವ ಗೆಳತಿಯೊಬ್ಬಳು ಈ ಅಂಗಡಿಯ ದಾರಿ ತೋರಿಸಿದಳು. ನನ್ನ ಬರಿಗೈ ನೋಡಿದ ವಾಚಕ್ಕ, "ವಾಚಿನ ಬಗ್ಗೆ ಬರೆಯೋಕೆ ಬಂದಿದೀರಿ, ಕೈಯಲ್ಲಿ ಒಂದು ವಾಚಿಲ್ಲ" ಎಂದು ನಕ್ಕರು. ಮೊಬೈಲಿನಲ್ಲೇ ಗಂಟೆ ನೋಡುತ್ತೇನೆ ಎಂದೆ. "ಕತ್ತಲಲ್ಲಿ ಅದನ್ನ ತೆಗೆದ್ರೆ ಅದರ ಬೆಳಕಿಗೆ ಐದು ನಿಮಿಷ ನೀವು ಕುರುಡರು. ಆ ಐದು ನಿಮಿಷದಲ್ಲಿ ಹಳ್ಳಕ್ಕೆ ಬೀಳಬಹುದು" ಎಂದರು. ನಾನು ಬೆಪ್ಪಾಗಿ ಮೊಬೈಲನ್ನು ಜೇಬಿಗೆ ಇಳಿಸಿದೆ.

ಗೂಡಿನ ಬಾಗಿಲು ತೆರೆಯುತ್ತದೆ. ಗಾರ್ಡ್ ಕಣ್ಣುಜ್ಜಿಕೊಳ್ಳುತ್ತಾ ಎರಡು ವಾಚ್ ಹಿಡಿದು ಹೊರಬರುತ್ತಾರೆ. "ದೊಡ್ಡದರಲ್ಲಿ ಏನೂ ಕಾಣಲಿಲ್ಲ. ಸಣ್ಣದರಲ್ಲಿ ಐದೂ ಹತ್ತೊಂಬತ್ತು." ವಾಚಕ್ಕ ಗೋಡೆ ಗಡಿಯಾರ ನೋಡಿ ತಲೆಯಾಡಿಸುತ್ತಾರೆ. ಗುಟ್ಟು ಇಷ್ಟೇ. ಅಂಗಡಿಯ ದೀಪದಡಿ ಇಟ್ಟ ಯಾವ ವಾಚನ್ನಾದರೂ ಕತ್ತಲಿಗೆ ಒಯ್ದರೆ ಮುಳ್ಳುಗಳು ಹಸಿರಾಗಿ ಹೊಳೆಯುತ್ತವೆ, ಗಿರಾಕಿ ಮರುಳಾಗುತ್ತಾನೆ. ಆದರೆ ಹೆಚ್ಚಿನ ವಾಚುಗಳು ಕುಡಿದ ಬೆಳಕೆಲ್ಲ ನಡುರಾತ್ರಿಗೆ ಖಾಲಿಯಾಗುತ್ತದೆ. ಅದಕ್ಕೇ ಇವರು ಹಿಂದಿನ ಸಂಜೆಯೇ ವಾಚುಗಳನ್ನು ಡ್ರಾಯರಿನಲ್ಲಿ ಮುಚ್ಚಿಟ್ಟು, ಹತ್ತು ತಾಸು ಕಳೆದ ಮೇಲೆ ತೋರಿಸುತ್ತಾರೆ. ಗಿರಾಕಿಯ ಕಣ್ಣೂ ಕತ್ತಲಿಗೆ ಹೊಂದಿಕೊಳ್ಳಲಿ ಅಂತ ಗೂಡಿನಲ್ಲಿ ಹತ್ತು ನಿಮಿಷ ಕೂರಿಸುತ್ತಾರೆ.

ಇವರು ಮೊದಲು ಕೇಳುವ ಪ್ರಶ್ನೆಯೂ ಬೇರೆಯೇ: "ನಿಮ್ಮ ಕೈ ಎಲ್ಲೆಲ್ಲಿ ಹೋಗುತ್ತೆ?" ಮುಳ್ಳುಪೊದೆಗೆ ಹೋಗುವ ಕೈಗೆ ದಪ್ಪನೆಯ ವಾಚ್ ಬೇಡ, ಸಿಕ್ಕಿಕೊಳ್ಳುತ್ತದೆ. ಗ್ಲೌಸ್ ಹಾಕುವ ಕೈಗೆ ಗುಂಡಿಗಳು ದೊಡ್ಡವಿರಬೇಕು, ಆದರೆ ವಾಚಿನ ಮೈಗಂಟಿಕೊಂಡಿರಬೇಕು. ಗೂಬೆ ಎಣಿಸುವವರಿಗೆ ಕೂಗುವ ಅಲಾರಂ ಬೇಡವೇ ಬೇಡ, ಕೈಯಲ್ಲಿ ನಡುಗುವ ಅಲಾರಂ ಸಾಕು. ಪಟ್ಟಿ ಒಂದೇ ಉದ್ದ ಬಟ್ಟೆಯದಾಗಿದ್ದು ವಾಚಿನ ಬೆನ್ನ ಕೆಳಗೆ ಹಾದುಹೋಗಿರಬೇಕು. ಆಗ ಪಟ್ಟಿ ಸಿಕ್ಕಿಸುವ ಎರಡು ಕಡ್ಡಿಗಳಲ್ಲಿ ಒಂದು ಮುರಿದರೂ ವಾಚ್ ಕೈಬಿಟ್ಟು ಬೀಳುವುದಿಲ್ಲ. ನಾಲ್ಕಾರು ಮುಳ್ಳು, ದಿಕ್ಸೂಚಿ, ಏನೇನೋ ಅಂಕಿಗಳಿರುವ ಭಾರಿ ವಾಚನ್ನು ಯಾರಾದರೂ ಕೇಳಿದರೆ, "ಅದು ಮದುವೆ ಮನೆಗೆ ಚೆನ್ನಾಗಿರುತ್ತೆ" ಎಂದು ಪಕ್ಕಕ್ಕಿಡುತ್ತಾರೆ.

ಕೊನೆಯದು ನೀರಿನ ಪರೀಕ್ಷೆ. ಬಿಸಿನೀರಿನ ಲೋಟದ ಪಕ್ಕದಲ್ಲಿಟ್ಟು ಬೆಚ್ಚಗಾದ ವಾಚಿನ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡುತ್ತಾರೆ. ನಿಮಿಷದ ನಂತರ ಹನಿ ಒರೆಸಿದಾಗ ಗಾಜಿನ ಒಳಗೆ ಮಂಜು ಕಂಡರೆ ಅದರೊಳಗೆ ತೇವವಿದೆ ಎಂದರ್ಥ. ಈ ಪರೀಕ್ಷೆಯಾಗದೆ ಒಂದು ವಾಚೂ ಈ ಮೇಜು ದಾಟುವುದಿಲ್ಲ, ಬರೀ ಬ್ಯಾಟರಿ ಬದಲಿಸಲು ಬಂದದ್ದೂ ಕೂಡ. ದಿನಕ್ಕೆ ಎಂಟು ಹತ್ತು ಬ್ಯಾಟರಿ, ನಾಲ್ಕೈದು ಪಟ್ಟಿ, ವಾರಕ್ಕೆ ಹೆಚ್ಚೆಂದರೆ ಮೂರು ಹೊಸ ವಾಚ್. ನೀರು ಒಳಹೋಗದಂತೆ ಹಿಂಬದಿ ಮುಚ್ಚಳದ ಕೆಳಗೆ ಕೂರುವ ರಬ್ಬರ್ ಉಂಗುರಗಳು ಅರವತ್ತೆರಡು ಅಳತೆಯಲ್ಲಿ, ಅರವತ್ತೆರಡು ಡಬ್ಬಿಗಳಲ್ಲಿ ಇವೆ. ಯಾವ ಡಬ್ಬಿಯಲ್ಲೂ ಐದಕ್ಕಿಂತ ಕಡಿಮೆಯಾಗಲು ಬಿಡುವುದಿಲ್ಲ. ಇಷ್ಟೊಂದು ಯಾಕಕ್ಕಾ ಎಂದು ಕೇಳಿದೆ. ಅವರ ಮುಖದ ನಗು ಆರಿಹೋಯಿತು.

"ಒಂದು ಸಲ ಒಂದು ಉಂಗುರ ಇರಲಿಲ್ಲ" ಎಂದರು. ಆಮೇಲೆ ಹೇಳತೊಡಗಿದರು. ನಾನು ಪೆನ್ನು ಕೆಳಗಿಟ್ಟೆ. "ಇಡಬೇಡಿ, ಬರ್ಕೊಳ್ಳಿ" ಎಂದರು.

ಅಂಗಡಿ ಗಂಡನದು. ಅವರ ಪಕ್ಕದಲ್ಲಿ ಕೂತು ಕೂತೇ ಈಕೆ ಕೆಲಸ ಕಲಿತದ್ದು. ಗಂಡ ತೀರಿಕೊಂಡಾಗ ಈಕೆಯ ವಯಸ್ಸು ಮೂವತ್ತನಾಲ್ಕು, ಮಗಳಿಗೆ ಆರು ವರ್ಷ. ಹೆಂಗಸಿನ ಕೈಗೆ ವಾಚ್ ಕೊಡುವುದೇ ಎಂದು ಹಳೆಯ ಗಿರಾಕಿಗಳು ಇಟ್ಟ ವಾಚುಗಳನ್ನೂ ವಾಪಸು ಒಯ್ದರು. ಆ ದಿನಗಳಲ್ಲಿ ಬೆನ್ನಿಗೆ ನಿಂತವನು ತಮ್ಮ. ಪರಿಚಯದವರನ್ನೆಲ್ಲ ಹಿಡಿದು ತಂದು, ನಮ್ಮಕ್ಕನ ಹತ್ತಿರವೇ ರಿಪೇರಿ ಮಾಡಿಸಿ ಎಂದು ಮೇಜಿನ ಮುಂದೆ ನಿಲ್ಲಿಸುತ್ತಿದ್ದ.

ಅವನದು ನದಿಯ ಮಟ್ಟ ನೋಡುವ ಕೆಲಸ. ಮಳೆಗಾಲದ ರಾತ್ರಿಗಳಲ್ಲಿ ಗಂಟೆಗೊಮ್ಮೆ ದಡಕ್ಕಿಳಿದು, ನೀರಲ್ಲಿ ನಿಲ್ಲಿಸಿದ ಅಳತೆಗಂಬದ ಅಂಕಿ ಓದಿ, ಪುಸ್ತಕದಲ್ಲಿ ಬರೆದು, ಚೌಕಿಯ ಫೋನಿನಿಂದ ಕಚೇರಿಗೆ ತಿಳಿಸಬೇಕು. ಅವನ ಕೈಗೆ ಇನ್ನೂ ಮೊಬೈಲ್ ಬಂದಿರಲಿಲ್ಲ. ಚೌಕಿಯಲ್ಲಿ ಗಡಿಯಾರವೂ ಇರಲಿಲ್ಲ. ಇದ್ದದ್ದು ಅಕ್ಕ ಆರಿಸಿ ಕೊಟ್ಟ ಸ್ಟೀಲಿನ ವಾಚ್ ಒಂದೇ. ಆ ಮಳೆಗಾಲದ ಶುರುವಿನಲ್ಲಿ ಅದರ ಬ್ಯಾಟರಿ ಮುಗಿಯಿತು. ವಾಚಕ್ಕ ಮುಚ್ಚಳ ತೆರೆದರು. ಹಳೆಯ ಉಂಗುರ ಸೀಳಿತ್ತು. ಆ ಅಳತೆಯದು ಅಂಗಡಿಯಲ್ಲಿರಲಿಲ್ಲ.

"ಮುಂದಿನ ವಾರ ತರಿಸಿ ಹಾಕಿದ್ರಾಯ್ತು ಅಂದ್ಕೊಂಡೆ. ಮುಚ್ಚಳ ಒತ್ತಿ ಕೊಟ್ಬಿಟ್ಟೆ. ಅವನಿಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು, ನೀರು ಸೋಕಿಸಬೇಡ ಅಂತ. ಅದನ್ನೂ ಹೇಳಲಿಲ್ಲ. ಉಂಗುರ ಇಲ್ಲದ ಅಂಗಡಿ ಅಂತ ಅವನ ಮುಂದೆ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು."

ಎರಡು ವಾರ ಕಳೆಯಿತು. ಒಂದು ರಾತ್ರಿ ನದಿ ಏರಿತು. ರಾತ್ರಿ ಒಂದರ ಅಂಕಿ ಕಚೇರಿಗೆ ಸರಿಯಾದ ಹೊತ್ತಿಗೆ ಬಂತು. ಅದರ ಮುಂದಿನ ಫೋನು ಬಂದಾಗ ಕಚೇರಿಯ ಗಡಿಯಾರದಲ್ಲಿ ಮೂರೂ ಮೂವತ್ತೈದು. ತಮ್ಮನ ಪುಸ್ತಕದಲ್ಲಿ ಎರಡು ಗಂಟೆ ಅಂತ ಬರೆದಿತ್ತು. ಅಷ್ಟರಲ್ಲಿ ಕೆಳಬೀದಿಯ ಮೂವತ್ತೊಂದು ಮನೆಗಳಿಗೆ ನೀರು ನುಗ್ಗಿಯಾಗಿತ್ತು. ಜೀವ ಹೋಗಲಿಲ್ಲ, ಪುಣ್ಯ. ಕರ್ತವ್ಯದ ವೇಳೆ ನಿದ್ದೆ ಹೋಗಿದ್ದಾನೆ, ಅದನ್ನು ಮುಚ್ಚಿಡಲು ಸುಳ್ಳು ಸಮಯ ಬರೆದಿದ್ದಾನೆ ಎಂದು ಕಚೇರಿ ತೀರ್ಮಾನಿಸಿತು.

ತಮ್ಮ ವಾಚ್ ಹಿಡಿದು ಅಕ್ಕನ ಬಳಿ ಓಡಿ ಬಂದ. ಕಚೇರಿಯವರು ಫೋನಿನಲ್ಲಿ ಬೈದಾಗಲೇ ಮುಳ್ಳು ಸರಿಮಾಡಿಕೊಂಡಿದ್ದ, ಈಗ ಅದು ಚೆನ್ನಾಗಿಯೇ ಓಡುತ್ತಿತ್ತು. "ಅಕ್ಕಾ, ಇದು ನಡುವೆ ನಿಂತು ಓಡಿದೆಯಾ ನೋಡು. ಹೌದು ಅಂತ ಒಂದು ಚೀಟಿ ಬರ್ಕೊಡು" ಎಂದ. ವಾಚಕ್ಕ ಅವನಿಗೆ ಬೆನ್ನು ಮಾಡಿ ಕೂತು ಮುಚ್ಚಳ ತೆಗೆದರು. ಒಳಗೆ ನೀರಿನ ಹನಿಗಳಿದ್ದವು. ಒದ್ದೆಯಾದ ವಾಚ್ ಕೆಲವೊಮ್ಮೆ ಹೀಗೆ ಮಾಡುತ್ತದೆ, ಒಂದಷ್ಟು ಹೊತ್ತು ನಿಂತು ಮತ್ತೆ ತಾನಾಗಿಯೇ ಓಡುತ್ತದೆ. ಅವರು ಹನಿ ಒರೆಸಿದರು. ಹಿಂದಿನ ದಿನವಷ್ಟೇ ಬಂದಿದ್ದ ಹೊಸ ಉಂಗುರ ಕೂರಿಸಿದರು. ಮುಚ್ಚಳ ಹಾಕಿ ತಿರುಗಿ, "ವಾಚ್ ಸರಿಯಾಗೇ ಇದೆ ಕಣೋ" ಎಂದರು.

"ಚೀಟಿ ಬರೆದಿದ್ರೆ ಇಡೀ ಊರಿಗೆ ಗೊತ್ತಾಗ್ತಿತ್ತು. ಹೆಂಗಸು ಮುಟ್ಟಿದ ವಾಚಿಂದ ಮನೆಗಳು ಮುಳುಗಿದ್ವು ಅಂತ. ಅಂಗಡಿ ಮುಚ್ಚೋದೇ ಆಗ್ತಿತ್ತು. ಮಗಳು ಕಣ್ಮುಂದೆ ಬಂದ್ಳು. ನಾಳೆ ಹೇಳೋಣ ಅಂದ್ಕೊಂಡೆ. ಆ ನಾಳೆ ಹತ್ತೊಂಬತ್ತು ವರ್ಷ ಆಯ್ತು."

ಅಕ್ಕನೇ ಸರಿಯಿದೆ ಎಂದ ಮೇಲೆ ತಮ್ಮ ವಿಚಾರಣೆಯಲ್ಲಿ ವಾದ ಮಾಡಲಿಲ್ಲ. ಕೆಲಸ ಹೋಯಿತು. ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಕೆಳಬೀದಿಯವರು 'ನಿದ್ದೆಗಣ್ಣ' ಎಂದು ಹೆಸರಿಟ್ಟರು, ಈಗಲೂ ಅದೇ ಹೆಸರು. ಮರದ ಮಿಲ್ಲಿನಲ್ಲಿ ಹಲಗೆ ಹೊರುತ್ತಾನೆ. ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಕೈಗೆ ವಾಚ್ ಕಟ್ಟುವುದಿಲ್ಲ, ಆದರೆ ಮಲಗುವಾಗ ತಲೆಯ ಎರಡೂ ಕಡೆ ಒಂದೊಂದು ಅಲಾರಂ ಇಟ್ಟುಕೊಳ್ಳುತ್ತಾನೆ. ಅವು ಕೆಟ್ಟಾಗ ರಿಪೇರಿ ಮಾಡಿಕೊಡುವುದೂ ವಾಚಕ್ಕನೇ.

ಇದನ್ನು ಪತ್ರಿಕೆಯಲ್ಲಿ ಹಾಕಿ ಎಂದು ಪಟ್ಟು ಹಿಡಿದವರು ಅವರೇ. ಹಾಕುತ್ತೇನೆ, ಆದರೆ ನಿಮ್ಮ ತಮ್ಮ ಪೇಪರ್ ನೋಡಿ ತಿಳಿಯುವುದು ಬೇಡ, ಮೊದಲು ನೀವೇ ಹೇಳಿ ಎಂದೆ. ಹಾಗೆ ಹೇಳುವ ಹಕ್ಕು ನನಗಿತ್ತೋ ಇಲ್ಲವೋ ಗೊತ್ತಿಲ್ಲ. ಈ ಭಾನುವಾರ ಹೇಳುತ್ತೇನೆ ಎಂದರು ವಾಚಕ್ಕ.

ಮೂರು ವಾರ ಬಿಟ್ಟು ಮತ್ತೆ ನಸುಕಿಗೆ ಹೋಗಿದ್ದೇನೆ. ಹಳಿ ಕಾಯುವವರೊಬ್ಬರ ವಾಚಿಗೆ ವಾಚಕ್ಕ ಉಂಗುರ ಕೂರಿಸುತ್ತಿದ್ದಾರೆ. ಕೆಲಸ ಮುಗಿದು ಗಿರಾಕಿ ಹೊರಟ ಮೇಲೆ ನಾನು ಕೇಳದಿದ್ದರೂ ವಾಚಕ್ಕ ಹೇಳುತ್ತಾರೆ.

"ಹೇಳ್ದೆ. ಬೈತಾನೆ, ತಟ್ಟೆ ಎಸೀತಾನೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು. ಕಲಸಿದ ಅನ್ನ ಹಾಗೇ ಬಿಟ್ಟ. ಆಮೇಲೆ ಒಂದೇ ಮಾತು ಕೇಳಿದ. 'ಹಾಗಾದ್ರೆ ನಾನು ಎಚ್ಚರವಾಗೇ ಇದ್ನಾ ಅಕ್ಕಾ?' ಅಂತ."

ಚಿಮಟವನ್ನು ಮೇಜಿನ ಮೇಲಿಟ್ಟು ವಾಚಕ್ಕ ನನ್ನ ಕಡೆ ತಿರುಗುತ್ತಾರೆ.

"ನಾನು ತಿಳ್ಕೊಂಡಿದ್ದು ಅವನಿಗೆ ಸತ್ಯ ಗೊತ್ತಿದೆ, ಊರಿಗೆ ಮಾತ್ರ ಗೊತ್ತಿಲ್ಲ ಅಂತ. ಹಾಗಲ್ಲ. ನಾನು ವಾಚ್ ಸರಿ ಇದೆ ಅಂದ್ನಲ್ಲ, ಆವತ್ತಿಂದ ಅವನೂ ನಂಬಿಬಿಟ್ಟಿದ್ದ. ಕೂತಲ್ಲೇ ಕಣ್ಣು ಹತ್ತಿರಬೇಕು, ನನಗೇ ಗೊತ್ತಾಗಿಲ್ಲ ಅಂತ. ಹತ್ತೊಂಬತ್ತು ವರ್ಷ ತನ್ನನ್ನೇ ಬೈಕೊಂಡು ಬದುಕಿದಾನೆ."

ಅಂದು ಅರ್ಧ ಊಟಕ್ಕೇ ಎದ್ದು ಹೋದವನು ಆಮೇಲೆ ಎರಡು ಭಾನುವಾರ ಬಂದಿಲ್ಲ. ವಾಚಕ್ಕ ಎರಡು ಸಲ ಮಿಲ್ಲಿನ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದಾರೆ. ಬರುತ್ತಾರೆ ಬಿಡಿ ಎಂದು ನಾನು ಬಾಯಿಮಾತಿಗೆ ಹೇಳುತ್ತೇನೆ. "ಬರದಿದ್ರೂ ಅವನ ತಪ್ಪಿಲ್ಲ" ಎನ್ನುತ್ತಾರೆ. ಮತ್ತೊಮ್ಮೆ ಕೇಳುತ್ತೇನೆ, ನಿಜವಾಗಿಯೂ ಇದನ್ನೆಲ್ಲ ಹಾಕಲೇ? ಗಿರಾಕಿಗಳು ಹೋಗಬಹುದು.

"ಹೋಗಲಿ. ನನ್ನ ಫೋಟೋ ಬೇಡ, ಅಂಗಡಿ ಬಗ್ಗೆ ಒಳ್ಳೆ ಮಾತೂ ಬೇಡ. ಆ ರಾತ್ರಿ ನನ್ನ ತಮ್ಮ ಎಚ್ಚರವಾಗಿದ್ದ, ಅಷ್ಟು ಹಾಕಿ. ದೊಡ್ಡ ಅಕ್ಷರದಲ್ಲಿ ಹಾಕಿಸಿ, ಆ ಮೂವತ್ತೊಂದು ಮನೆಯವರಿಗೆ ಈಗ ವಯಸ್ಸಾಗಿದೆ, ಸಣ್ಣದು ಕಾಣಲ್ಲ."