ಹೊಸ್ತಿಲು ದಾಟದ ರೊಟ್ಟಿ

ದೊಡ್ಡಮ್ಮನ ಬಲಗಾಲಿನ ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ಸುತ್ತಲಿನ ಚರ್ಮ ಕಪ್ಪಾಗಿ ಕೀವು ಕಟ್ಟಿತ್ತು. ಅದೇ ಕಾಲಲ್ಲಿ ಆಕೆ ಅಡುಗೆಮನೆಗೂ ಹಿತ್ತಲಿಗೂ ಓಡಾಡುತ್ತಿದ್ದರು. ನಾನು ಗಾಬರಿಯಾದರೆ, "ನೋವೇ ಇಲ್ಲ ಕಣೆ, ಬಿಡು" ಎಂದರು. ನೋವಿಲ್ಲ ಎಂಬ ಮಾತೇ ನನ್ನನ್ನು ಹೆದರಿಸಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಲೇಜಿಗೆಂದು ಜಗಳೂರಿನಿಂದ ಚನ್ನಗಿರಿಗೆ ಬಂದು, ಅಮ್ಮನ ಅಕ್ಕನಾದ ಈ ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಪ್ಪನದು ಅಡಿಕೆ ವ್ಯಾಪಾರ. ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಒಳಗಿನ ಒಲೆಯ ಮೇಲೆ ಮಲ್ಲಿಗೆಯಂಥ ಬಿಳಿ ಅನ್ನ. ಹಿತ್ತಲ ಒಲೆಯ ಮೇಲೆ, ಅಡಿಕೆ ಸುಲಿಯಲು ಬರುವ ಹೆಂಗಸರಿಗೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಆ ರೊಟ್ಟಿ ಒಳಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ದಾಟಿದರೆ ಹೊನ್ನಾಳಿ, ನ್ಯಾಮತಿ ಕಡೆಯ ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂದು ದೊಡ್ಡಪ್ಪ ನಂಬಿದ್ದರು.

ದೊಡ್ಡಮ್ಮ ಬೆಳೆದದ್ದೇ ರೊಟ್ಟಿ ತಿಂದು. ದೊಡ್ಡಪ್ಪ ಅಡಿಕೆ ಮಂಡಿಗೆ ಹೋದದ್ದೇ ತಡ, ಹಿತ್ತಲಿಗೆ ಹೋಗಿ ಸುಲಿಯುವವರಲ್ಲಿ ಒಬ್ಬಾಕೆಯ ಜೊತೆ ಊಟ ಬದಲಾಯಿಸಿಕೊಳ್ಳುತ್ತಿದ್ದರು. "ನಾಲಿಗೆ ಜಗಳೂರದು, ಗಂಗಾಳ ಚನ್ನಗಿರೀದು. ಏನ್ ಮಾಡಾಕೆ ಆಗುತ್ತೆ?" ಎಂದು ತಟ್ಟೆ ತೋರಿಸಿ ನಗುತ್ತಿದ್ದರು. ಆ ಹೆಂಗಸು ಅನ್ನವನ್ನು ತಾನು ಮುಟ್ಟದೆ ಮಗಳಿಗೆಂದು ಕಟ್ಟಿಕೊಳ್ಳುತ್ತಿದ್ದಳು. "ನಮಗೆ ಅಕ್ಕಿ ಕೊಳ್ಳಾಕೆ ಆಗಲ್ಲ, ನಿಮಗೆ ರೊಟ್ಟಿ ತಿನ್ನಾಕೆ ಬಿಡಲ್ಲ. ಹೆಂಗೈತೆ ನೋಡ್ರಿ ಅಮ್ಮಾರೇ" ಎಂದು ಒಮ್ಮೆ ಹೇಳಿದಳು.

ಒಂದು ಮಧ್ಯಾಹ್ನ ದೊಡ್ಡಪ್ಪ ಬೇಗ ಬಂದು ನೋಡಿಬಿಟ್ಟರು. ಕೂಗಾಡಲಿಲ್ಲ. "ನನ್ನ ಮನ್ಯಾಗೆ ಅನ್ನಕ್ಕೇನು ಬರ ಬಂದೈತಾ?" ಎಂದು ಮೆಲ್ಲಗೆ ಕೇಳಿದರು. ದೊಡ್ಡಮ್ಮ ಮತ್ತೆ ಹಿತ್ತಲಲ್ಲಿ ಉಣ್ಣಲಿಲ್ಲ. ಕ್ರಮೇಣ ಆಕೆಗೆ ಬಾಯಾರಿಕೆ ಹೆಚ್ಚಿತು, ಬಚ್ಚಲಿನ ಮೂಲೆಗೆ ಇರುವೆ ಮುತ್ತತೊಡಗಿದವು. ಆಮೇಲೆ ಆ ಕಾಲ್ಬೆರಳು.

ದಾವಣಗೆರೆಯ ಡಾಕ್ಟರು ಕಾಲುಂಗುರ ಕತ್ತರಿಸಿ ತೆಗೆದರು. ಸಕ್ಕರೆ ಕಾಯಿಲೆ ಎಂದರು. ಮಾತ್ರೆ ಬರೆದುಕೊಟ್ಟು, "ಅನ್ನ, ಸಕ್ಕರೆ ಬಿಡಿಸಿ. ರೊಟ್ಟಿ, ಸೊಪ್ಪು ಕೊಡಿ" ಎಂದರು. ದೊಡ್ಡಪ್ಪ ಮೊದಲರ್ಧವನ್ನು ಮಾತ್ರ ಮನೆಗೆ ತಂದರು. ನಮ್ಮಲ್ಲಿ ಅನುಕೂಲಸ್ಥರು ಅನ್ನ ಬಿಡುವುದು ಸೋಮವಾರದ ಉಪವಾಸಕ್ಕೆ. ಅಂದು ಅವಲಕ್ಕಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣು, ಹಾಲು. ದೊಡ್ಡಪ್ಪ ಹೆಂಡತಿಗೆ ವಾರವಿಡೀ ಸೋಮವಾರ ಮಾಡಿಟ್ಟರು. ಸಕ್ಕರೆ ಬೇಡವೆಂದರಲ್ಲ, ಅದಕ್ಕೆ ಬೆಲ್ಲ ಹಾಕಿಸಿದರು. ಎಂದೂ ಅಡುಗೆಮನೆಗೆ ಕಾಲಿಡದ ಮನುಷ್ಯ ತಾವೇ ಕೂತು ಹಣ್ಣು ಸುಲಿದುಕೊಟ್ಟರು. ಆ ಪ್ರೀತಿ ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

"ದೊಡ್ಡಪ್ಪಾ, ರೊಟ್ಟಿ ತಿನ್ನಾಕೆ ಹೇಳಿದ್ರಲ್ಲ ಡಾಕ್ಟ್ರು?" ಎಂದೆ.

"ಹೇಳ್ತಾರೆ. ಯಾರ ಮನೆಯೋರು ಅಂತ ಅವರಿಗೇನು ಗೊತ್ತೈತೆ? ನಮ್ಮನೆ ಹೆಣ್ಣು ಕೂಲಿಯೋರ ರೊಟ್ಟಿ ತಿಂದು ಬದುಕ್ಬೇಕಾ? ನೀ ಓದ್ಕ ಹೋಗು."

ದೊಡ್ಡಮ್ಮನ ಹತ್ತಿರ ಜಗಳಕ್ಕೆ ನಿಂತೆ. ಆಕೆ ನಕ್ಕರು. "ನಿಮ್ಮ ದೊಡ್ಡಪ್ಪಂಗೆ ಬಾಳೆಹಣ್ಣು ಸುಲಿಯಾಕೆ ಬರುತ್ತೆ ಅಂತ ಇಷ್ಟು ವರ್ಷದ ಮೇಲೆ ಗೊತ್ತಾತು. ಬ್ಯಾಡ ಅಂತ ಹೆಂಗೆ ಹೇಳ್ಲೇ?" ಹಿತ್ತಲಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆಕೆ ಮಾತು ನಿಲ್ಲಿಸಿ ಆ ಕಡೆ ಕಿವಿಗೊಟ್ಟರು.

ಆ ಕಪ್ಪು ಬಣ್ಣ ಬೆರಳಿನಿಂದ ಪಾದಕ್ಕೆ, ಪಾದದಿಂದ ಹಿಮ್ಮಡಿಗೆ ಏರಿತು. ಊದಿನಕಡ್ಡಿ ಹಚ್ಚಿದರೂ ಕೋಣೆಯ ವಾಸನೆ ಹೋಗುತ್ತಿರಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ದೊಡ್ಡಮ್ಮ ಅಲ್ಲಿಂದ ಮನೆಗೆ ಬರಲಿಲ್ಲ.

ಇವತ್ತು ನನ್ನ ಮನೆಗೆ ಎಂಥ ನೆಂಟರು ಬಂದರೂ ಮೊದಲು ರೊಟ್ಟಿಯನ್ನೇ ಬಡಿಸುತ್ತೇನೆ. ಯಾರಾದರೂ ಮೂಗು ಮುರಿದರೆ ಮುರಿಯಲಿ.

ದೊಡ್ಡಮ್ಮ ತೀರಿಕೊಂಡ ವರ್ಷ ಹಿರಿಯರ ಹಬ್ಬಕ್ಕೆ ಆಕೆಯ ಫೋಟೋದ ಮುಂದೆ ಎಡೆ ಇಟ್ಟೆವು. ಸತ್ತವರು ಇಷ್ಟಪಟ್ಟದ್ದನ್ನು ಬಡಿಸಬೇಕು. ಗಂಗಾಳದ ತುಂಬ ಬಿಳಿ ಅನ್ನ, ಪಕ್ಕದಲ್ಲಿ ಹೋಳಿಗೆ. ಅಷ್ಟರಲ್ಲಿ ಊಟ ಬದಲಾಯಿಸುತ್ತಿದ್ದ ಆ ಹೆಂಗಸು ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. "ಅಮ್ಮಾರಿಗೆ" ಎಂದಳು, ಅಷ್ಟೆ.

ದೊಡ್ಡಪ್ಪ ಎದ್ದರು. ರೊಟ್ಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹೊಸ್ತಿಲು ದಾಟಿಸಿದರು. ಅನ್ನವನ್ನು ಅಂಚಿಗೆ ಸರಿಸಿ ಗಂಗಾಳದ ನಡುವೆ ಇಟ್ಟರು.

"ಬಿಸಿ ಐತೆ, ತಿನ್ನು" ಎಂದರು.